ನೀತಿ ಪಿರಿಯಡ್‌ನಲ್ಲಿ ಮಕ್ಕಳು ಬಾಯಿಪಾಠದ ಉತ್ತರವನ್ನೇ ಕೊಡ್ತಾರೆ. ನಿಜವಾದ ಮಾತು ಹೊರಡಿಸೋದು ಹೇಗೆ?

ಶನಿವಾರದ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಈ ವರ್ಷ ಶನಿವಾರದ ಕೊನೆಯ ಪಿರಿಯಡ್ ನನ್ನ ಪಾಲಿಗೆ ಬಂದಿದೆ. ವೇಳಾಪಟ್ಟಿಯಲ್ಲಿ ಅದರ ಹೆಸರು ಮೌಲ್ಯ ಶಿಕ್ಷಣ, ಮಕ್ಕಳ ಬಾಯಲ್ಲಿ ನೀತಿ ಪಿರಿಯಡ್. ಇಂಥ ಪಿರಿಯಡ್‌ನಲ್ಲಿ ಗಣಿತದ ಉಳಿದ ಪಾಠ ನಡೆಯುತ್ತದೆ ಅನ್ನೋದು ನಿಮಗೆಲ್ಲ ಗೊತ್ತಿರುವ ವಿಷಯವೇ. ನನಗೆ ಹಾಗೆ ಮಾಡಲು ಮನಸ್ಸಿಲ್ಲ.

ಕಷ್ಟ ಏನಂದರೆ, ಒಂದು ಕಥೆ ಹೇಳಿ "ಇದರಿಂದ ಏನು ತಿಳಿಯಿತು" ಅಂತ ಕೇಳಿದ ಕೂಡಲೇ ಇಡೀ ತರಗತಿ ಒಂದೇ ರಾಗದಲ್ಲಿ "ಸುಳ್ಳು ಹೇಳಬಾರದು ಸಾರ್" ಅನ್ನುತ್ತದೆ. ಅಲ್ಲಿಗೆ ಮುಗಿಯಿತು. ಸ್ವಲ್ಪ ಹೊತ್ತಿಗೆ ಮೊದಲು ಅದೇ ಮಕ್ಕಳು ಒಬ್ಬರ ಹೋಂವರ್ಕ್ ನೋಡಿ ಇನ್ನೊಬ್ಬರು ಬರೆದಿರುತ್ತಾರೆ. ನನಗೆ ಅವರ ಮೇಲೆ ಕೋಪ ಇಲ್ಲ. ಆದರೆ ಈ ಎರಡಕ್ಕೂ ಸಂಬಂಧ ಇದೆ ಅಂತ ಅವರಿಗೆ ಅನ್ನಿಸುವುದೇ ಇಲ್ಲವಲ್ಲ, ಅದು ಯೋಚನೆ. ನೀತಿ ಅಂದರೆ ಶನಿವಾರ ಹನ್ನೊಂದೂವರೆಗೆ ಹೇಳಬೇಕಾದ ಮಾತು. ಸೋಮವಾರದಿಂದ ಬೇರೆ ಲೆಕ್ಕ.

ದಿನಾ ಎದುರಾಗುವ ಸಣ್ಣ ಸಣ್ಣ ಇಕ್ಕಟ್ಟುಗಳ ಬಗ್ಗೆ ಮಕ್ಕಳು ತಾವೇ ಯೋಚಿಸಿ, ತಮ್ಮ ತಮ್ಮಲ್ಲೇ ಜಗಳ ಆಡದೆ ವಾದ ಮಾಡುವ ಹಾಗೆ ಮಾಡಬೇಕು ಅಂತ ಆಸೆ. ಪ್ರಶ್ನೆಗಳನ್ನು ಎಲ್ಲಿಂದ ಹುಡುಕುತ್ತೀರಿ? ಮೇಷ್ಟ್ರು ತನ್ನ ಅಭಿಪ್ರಾಯ ಹೇಳಬೇಕಾ, ಬಾಯಿ ಮುಚ್ಚಿಕೊಂಡು ಕೂರಬೇಕಾ? ಇನ್ನೊಂದು ವಿಷಯ, ನಮ್ಮೂರ ಪಂಚಾಯಿತಿ ಗ್ರಂಥಾಲಯದಲ್ಲಿ ಭಾನುವಾರ ದೊಡ್ಡವರ ಜೊತೆಗೂ ಇಂಥದ್ದೇನಾದರೂ ನಡೆಸಬಹುದಾ ಅಂತ ಗ್ರಂಥಪಾಲಕರು ಕೇಳುತ್ತಿದ್ದಾರೆ. ಯಾರಾದರೂ ಮಾಡಿ ನೋಡಿದ್ದರೆ ದಯವಿಟ್ಟು ಹೇಳಿ. ಪಿಡಿಎಫ್ ಕಳಿಸಬೇಡಿ, ಅದು ಬೇಕಾದಷ್ಟಿದೆ.

ಹಳೇ_ಬೋರ್ಡು

ಮೇಷ್ಟ್ರೇ, ಮಕ್ಕಳು ಏನೂ ತಪ್ಪು ಮಾಡುತ್ತಿಲ್ಲ. ನೀವು ಪರೀಕ್ಷೆಯ ಪ್ರಶ್ನೆ ಕೇಳುತ್ತಿದ್ದೀರಿ, ಅವರು ಪರೀಕ್ಷೆಯ ಉತ್ತರ ಕೊಡುತ್ತಿದ್ದಾರೆ. "ಕದಿಯಬಹುದಾ" ಅಂತ ಕೇಳಿದರೆ ಯಾರು ತಾನೇ ಹೌದು ಅಂತಾರೆ? ಒಂದು ಕಡೆ ಒಳ್ಳೆಯದು, ಇನ್ನೊಂದು ಕಡೆ ಕೆಟ್ಟದ್ದು ಇರುವ ಕಥೆಯಲ್ಲಿ ಮಾತಾಡಲು ಏನೂ ಉಳಿದಿರುವುದಿಲ್ಲ. ಎರಡೂ ಕಡೆ ಒಳ್ಳೆಯದೇ ಇದ್ದು, ಒಂದನ್ನು ಬಿಡಲೇಬೇಕಾದ ಪ್ರಶ್ನೆ ಹುಡುಕಿ.

ನಾನು ಎಂಟನೇ ಕ್ಲಾಸಿಗೆ ಬಳಸುವ ಒಂದನ್ನು ಹೇಳುತ್ತೇನೆ. ಬಿಸಿಯೂಟದ ಜೊತೆ ಮೊಟ್ಟೆ ಅಥವಾ ಬಾಳೆಹಣ್ಣು ಕೊಡುತ್ತಾರಲ್ಲ. ಮನೆಯಲ್ಲಿ ಮೊಟ್ಟೆ ಮುಟ್ಟದ ಒಬ್ಬ ಹುಡುಗ ಶಾಲೆಯಲ್ಲಿ ಇಷ್ಟಪಟ್ಟು ತಿನ್ನುತ್ತಾನೆ. ಅವನ ತಾಯಿ ಪಕ್ಕದ ಮನೆಯ ಗೆಳೆಯನನ್ನು ಕರೆದು "ನಮ್ಮೋನು ಶಾಲೇಲಿ ಏನು ತಗೋತಾನಪ್ಪ?" ಅಂತ ಕೇಳುತ್ತಾರೆ. ಗೆಳೆಯ ಏನು ಹೇಳಬೇಕು? ಇಷ್ಟೇ ಕಥೆ. ಇದಕ್ಕೆ "ಸುಳ್ಳು ಹೇಳಬಾರದು ಸಾರ್" ಅಂತ ಶುರು ಮಾಡಿದವರೇ ಅರ್ಧಕ್ಕೆ ನಿಲ್ಲುತ್ತಾರೆ. ಒಬ್ಬ ಬಾಳೆಹಣ್ಣು ಅಂತ ಹೇಳ್ತೀನಿ ಅಂದ. ಇನ್ನೊಬ್ಬ "ಅವನನ್ನೇ ಕೇಳಿ ಆಂಟಿ" ಅಂತ ಜಾರಿಕೊಳ್ತೀನಿ ಅಂದ. ಅದು ಜಾಣತನವೋ ಪುಕ್ಕಲುತನವೋ ಅಂತ ಅದರ ಮೇಲೇ ದೊಡ್ಡ ವಾದ ಆಯಿತು. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಆ ಅಮ್ಮ ಮಗನನ್ನು ಬಿಟ್ಟು ನನ್ನನ್ನ ಯಾಕೆ ಕೇಳ್ಬೇಕು, ಅದು ಸರೀನಾ?" ಅಂದಳು. ಇದು ನನಗೇ ಹೊಳೆದಿರಲಿಲ್ಲ. ಪ್ರಶ್ನೆ ಕೇಳುವವರಿಗೂ ಒಂದು ನೀತಿ ಇದೆ ಅನ್ನೋದು ಯಾವ ಮೌಲ್ಯ ಶಿಕ್ಷಣದ ಪುಸ್ತಕದಲ್ಲೂ ನಾನು ನೋಡಿಲ್ಲ.

ಹತ್ತನೇ ಕ್ಲಾಸಿಗೆ ಪರೀಕ್ಷೆಯ ನಕಲಿನ ವಿಷಯ ಬಿಟ್ಟರೆ ಬೇರೆ ಬೇಕಿಲ್ಲ. ಎಸ್ಸೆಸ್ಸೆಲ್ಸಿಗೆ ವೆಬ್‌ಕಾಸ್ಟಿಂಗ್, ಅಂದರೆ ಪರೀಕ್ಷಾ ಕೊಠಡಿಯ ಮೇಲೆ ಕ್ಯಾಮೆರಾ ಕಣ್ಣು, ಬಂದ 2024ರಲ್ಲಿ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಧಾರಾಳವಾಗಿ ಕೊಟ್ಟ ಮೇಲೆ. ಇದನ್ನು ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಂತುಕೊಳ್ಳಿ. ಆಮೇಲೆ ಕೇಳಿ: ನಿನ್ನ ಗೆಳೆಯ ಎರಡನೇ ಸಲ ಬರೆಯುತ್ತಿದ್ದಾನೆ, ಈ ಸಲವೂ ಫೇಲಾದರೆ ಅವರಪ್ಪ ಗ್ಯಾರೇಜಿಗೆ ಸೇರಿಸುತ್ತಾರೆ, ಒಂದೇ ಒಂದು ಉತ್ತರ ತೋರಿಸು ಅಂತಾನೆ. ತೋರಿಸುತ್ತೀಯಾ? ಇಲ್ಲಿ ನೀವು ಸ್ವಲ್ಪ ಗಟ್ಟಿ ಇರಬೇಕು. ಯಾಕೆಂದರೆ ಐದು ನಿಮಿಷದಲ್ಲಿ ಯಾರಾದರೂ "ಕೆಲವು ಕಡೆ ಮೇಷ್ಟ್ರುಗಳೇ ಉತ್ತರ ಹೇಳ್ತಾರಂತಲ್ಲ ಸಾರ್" ಅಂದೇ ಅನ್ನುತ್ತಾರೆ. ಆಗ ಸುಮ್ಮನಿರು ಅಂತ ಗದರಿದರೆ ನಿಮ್ಮ ಪಿರಿಯಡ್ ಅವತ್ತಿಗೆ ಮಾತ್ರ ಅಲ್ಲ, ವರ್ಷಕ್ಕೇ ಮುಗಿದ ಹಾಗೆ.

ನಡೆಸುವ ರೀತಿ: ಮೊದಲು ಎಲ್ಲರೂ ನೋಟ್‌ಬುಕ್‌ನಲ್ಲಿ ಒಂದೆರಡು ಸಾಲು ಬರೆಯಲಿ, ಮಾತು ಆಮೇಲೆ. ಇಲ್ಲದಿದ್ದರೆ ಫಸ್ಟ್ ರ‍್ಯಾಂಕ್ ಹುಡುಗ ಏನು ಹೇಳುತ್ತಾನೋ ಅದೇ ತರಗತಿಯ ಅಭಿಪ್ರಾಯ. ನಡುವೆ ಮನಸ್ಸು ಬದಲಾಯಿಸಿದವರನ್ನು ಚುಡಾಯಿಸಲು ಬಿಡಬೇಡಿ. ನಮ್ಮಲ್ಲಿ ಅಭಿಪ್ರಾಯ ಬದಲಾಯಿಸಿದರೆ ಸೋತ ಹಾಗೆ, ಅಲ್ವಾ. ಇನ್ನು ನಿಮ್ಮ ಅಭಿಪ್ರಾಯ. ಮಕ್ಕಳು ಕೇಳಿದರೆ ಹೇಳಿ, ಆದರೆ ಕೊನೆಯಲ್ಲಿ ಹೇಳಿ. ಕಾರಣದ ಸಮೇತ ಹೇಳಿ, ಅದಕ್ಕೆ ಎದುರು ಹೇಳಲು ಒಬ್ಬರಿಗೆ ಅವಕಾಶ ಕೊಟ್ಟು ಗಂಟೆ ಹೊಡೆಸಿ.

ಕಹಿಬೇವು

ಕ್ಷಮಿಸಿ, ಇದೆಲ್ಲ ಯಾವುದೋ ಟ್ರೇನಿಂಗ್‌ನಲ್ಲಿ ಚಾರ್ಟ್ ಪೇಪರ್ ಹಂಚಿ ಮಾಡಿಸುವ ಆಟದ ಹಾಗೆ ಕೇಳಿಸುತ್ತದೆ. ಮಕ್ಕಳು ನೋಡಿ ಕಲಿಯುತ್ತಾರೆ, ಚರ್ಚೆ ಮಾಡಿ ಅಲ್ಲ. ಹೆಲ್ಮೆಟ್ ಇಲ್ಲದೆ ಹಿಡಿದ ಪೊಲೀಸಿಗೆ ಅಪ್ಪ ನೂರು ರೂಪಾಯಿ ತುರುಕಿ ಬಂದದ್ದನ್ನು ಹಿಂದೆ ಕೂತು ನೋಡಿದ ಹುಡುಗನಿಗೆ ನಿಮ್ಮ ಮೊಟ್ಟೆ ಕಥೆ ಏನು ಮಾಡುತ್ತದೆ? ಮೊಟ್ಟೆ ತಿಂದದ್ದು ಅವನ ಹೊಟ್ಟೆಪಾಡು, ಅದರಲ್ಲಿ ಚರ್ಚೆ ಮಾಡುವುದೇನು?

ಇನ್ನೊಂದು, ಎಲ್ಲದಕ್ಕೂ "ನಿನಗೇನನ್ನಿಸುತ್ತೆ" ಅಂತ ಕೇಳುತ್ತಾ ಹೋದರೆ ಕೊನೆಗೆ ಎಲ್ಲವೂ ನಡೆಯುತ್ತದೆ ಅಂತಲೇ ಅವರು ಕಲಿಯೋದು. ಯಾವುದಕ್ಕೂ ಒಂದು ಕಾರಣ ಹುಡುಕಿ ಹೇಳುವ ಬಾಯಿ ಬರುತ್ತದೆ ಅಷ್ಟೇ. ಆ ಬಾಯಿ ಇರುವವರು ಈಗಾಗಲೇ ಬೇಕಾದಷ್ಟು ಜನ ಇದ್ದಾರೆ, ಟಿವಿ ಹಾಕಿ ನೋಡಿ.

ಬಿಎಡ್_ಮೇಡಂ

ಕಹಿಬೇವು ಅವರ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲಿ ಅರ್ಧ ಸರಿ ಇದೆ. ಆ ಅರ್ಧಕ್ಕೆ ಪುರಾವೆಯೂ ಇದೆ. ನಾನು ಬಿಎಡ್ ವಿದ್ಯಾರ್ಥಿಗಳಿಗೆ ಮನೋವಿಜ್ಞಾನ ಹೇಳುತ್ತೇನೆ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಅಮೆರಿಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಅನ್ನುವ ಇಬ್ಬರು 10 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದರು. ವರದಿ ಬಂದದ್ದು 1928ರಿಂದ 1930ರ ನಡುವೆ. ಮೋಸ ಮಾಡಲು ಅವಕಾಶ ಇರುವ ಬೇರೆ ಬೇರೆ ಸಂದರ್ಭ ಕೊಟ್ಟು ನೋಡಿದರು. ಲೆಕ್ಕದ ಪರೀಕ್ಷೆಯಲ್ಲಿ ಪ್ರಾಮಾಣಿಕನಾಗಿದ್ದ ಹುಡುಗ ಆಟದಲ್ಲಿ ಮೋಸ ಮಾಡುತ್ತಿದ್ದ. ನೀತಿ ಪಾಠಕ್ಕೆ ಹೋಗುತ್ತಿದ್ದ ಮಕ್ಕಳಿಗೂ ಹೋಗದವರಿಗೂ ನಡತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. "ಇವನು ಪ್ರಾಮಾಣಿಕ, ಅವನು ಕಳ್ಳ" ಅಂತ ಮಕ್ಕಳನ್ನು ಎರಡು ಗುಂಪು ಮಾಡಲು ಆಗಲೇ ಇಲ್ಲ. ಸಂದರ್ಭವೇ ಜಾಸ್ತಿ ಕೆಲಸ ಮಾಡುತ್ತಿತ್ತು.

ಇನ್ನೊಂದು 1973ರದ್ದು, ನನಗೆ ತುಂಬಾ ಇಷ್ಟವಾದದ್ದು. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳ ಮೇಲೆ ಡಾರ್ಲಿ ಮತ್ತು ಬ್ಯಾಟ್ಸನ್ ಮಾಡಿದ ಪ್ರಯೋಗ. ಇನ್ನೊಂದು ಕಟ್ಟಡಕ್ಕೆ ಹೋಗಿ ಮಾತಾಡಬೇಕು ಅಂತ ಅವರನ್ನು ಕಳಿಸಿದರು. ಅರ್ಧ ಜನಕ್ಕೆ ವಿಷಯ ಏನು ಗೊತ್ತಾ, ದಾರಿಯಲ್ಲಿ ಬಿದ್ದವನಿಗೆ ನೆರವಾದ ಒಳ್ಳೆಯ ಸಮಾರ್ಯದವನ ಬೈಬಲ್ ಕಥೆ! ದಾರಿಯಲ್ಲಿ ಬೇಕಂತಲೇ ಒಬ್ಬನನ್ನು ನರಳುತ್ತಾ ಕುಸಿದು ಕೂರುವ ಹಾಗೆ ಮಾಡಿದ್ದರು. ಸಮಯ ಇದೆ ಅಂತ ಹೇಳಿ ಕಳಿಸಿದವರಲ್ಲಿ ಶೇ 63 ಜನ ನಿಂತು ವಿಚಾರಿಸಿದರು. ತಡವಾಗಿದೆ, ಓಡಿ ಅಂತ ಕಳಿಸಿದವರಲ್ಲಿ ಶೇ 10 ಮಾತ್ರ. ಆ ಕಥೆಯ ಬಗ್ಗೆಯೇ ಮಾತಾಡಲು ಹೊರಟವರು ಉಳಿದವರಿಗಿಂತ ಅಷ್ಟೇನೂ ಮೇಲಾಗಿರಲಿಲ್ಲ.

ಹಾಗಂತ ಚರ್ಚೆ ದಂಡ ಅಂತ ನಾನು ಹೇಳುತ್ತಿಲ್ಲ. ಮಕ್ಕಳ ನೈತಿಕ ಯೋಚನೆ ಹೇಗೆ ಬೆಳೆಯುತ್ತದೆ ಅಂತ ಅಧ್ಯಯನ ಮಾಡಿದ ಲಾರೆನ್ಸ್ ಕೊಹ್ಲ್‌ಬರ್ಗ್ ಹೆಸರು ಬಿಎಡ್ ಓದಿದವರಿಗೆ ಗೊತ್ತು. ಹೆಂಡತಿಗೆ ಔಷಧ ಕದ್ದ ಹೈನ್ಸ್‌ನ ಕಥೆಯನ್ನು ನಾವೆಲ್ಲ ಐದು ಅಂಕಕ್ಕೆ ಬಾಯಿಪಾಠ ಮಾಡಿದವರೇ. ಓರಗೆಯವರ ಜೊತೆ ಇಂಥ ಇಕ್ಕಟ್ಟುಗಳನ್ನು ಚರ್ಚಿಸಿದ ಮಕ್ಕಳ ಯೋಚನೆ ಸ್ವಲ್ಪ ಮುಂದೆ ಹೋಗುತ್ತದೆ ಅಂತ ಅವರ ವಿದ್ಯಾರ್ಥಿ ಬ್ಲಾಟ್ ತೋರಿಸಿದ್ದರು. ಆದರೆ ಕೊಹ್ಲ್‌ಬರ್ಗ್ ಮೊದಲು ಪ್ರಶ್ನಿಸಿದ್ದು ಬರೀ ಹುಡುಗರನ್ನು. ಮನೋವಿಜ್ಞಾನಿ ಕೆರೊಲ್ ಗಿಲಿಗನ್ ಇದನ್ನು ಹಿಡಿದು ಝಾಡಿಸಿದರು. ನಿಯಮ ಯಾವುದು ದೊಡ್ಡದು ಅನ್ನೋದಷ್ಟೇ ನೀತಿ ಅಲ್ಲ, ಯಾರಿಗೆ ನೋವಾಗುತ್ತದೆ, ಸಂಬಂಧ ಉಳಿಯುತ್ತದಾ ಅಂತ ನೋಡುವುದೂ ನೀತಿಯೇ ಅಂದರು. ಹಳೇ ಬೋರ್ಡು ಅವರ ಹಿಂದಿನ ಬೆಂಚಿನ ಹುಡುಗಿ ಕೇಳಿದ್ದು ಇಂಥದ್ದೇ ಪ್ರಶ್ನೆ.

ನನ್ನ ಸಲಹೆ ಇಷ್ಟು. "ಏನು ಮಾಡಬೇಕು" ಅನ್ನುವ ಪ್ರಶ್ನೆಯ ಹಿಂದೆಯೇ "ಅದನ್ನು ಮಾಡಲು ಅಡ್ಡ ಬರೋದೇನು" ಅಂತ ಕೇಳಿ. ಅಪಘಾತದ ಉದಾಹರಣೆ ತಗೊಳ್ಳಿ. ಗಾಯಗೊಂಡವನನ್ನು ಆಸ್ಪತ್ರೆಗೆ ಸೇರಿಸಬೇಕು ಅಂತ ಎಲ್ಲ ಮಕ್ಕಳೂ ಹೇಳುತ್ತಾರೆ. ಅಡ್ಡ ಬರೋದೇನು ಅಂದರೆ "ಪೊಲೀಸು, ಕೋರ್ಟು, ದುಡ್ಡು ಕಟ್ಟು ಅಂತಾರೆ" ಅಂತ ಹೊರಗೆ ಬರುತ್ತದೆ. ಆಗ ಹೇಳಿ, ನೆರವಾದವರಿಗೆ ತೊಂದರೆ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಮಾರ್ಗಸೂಚಿಗೆ ಒಪ್ಪಿಗೆ ಕೊಟ್ಟಿದೆ. ಕರ್ನಾಟಕ ತನ್ನದೇ ಕಾಯ್ದೆ ಮಾಡಿ ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಕಲಂ ಸೇರಿತು. ಹೆಸರು ಹೇಳು ಅಂತ ಬಲವಂತ ಮಾಡುವ ಹಾಗಿಲ್ಲ. ಇದು ಗೊತ್ತಿರುವ ಹುಡುಗ ನಾಳೆ ರಸ್ತೆಯಲ್ಲಿ ನಿಲ್ಲುವ ಸಾಧ್ಯತೆ ಜಾಸ್ತಿ ಅಂತ ನನ್ನ ನಂಬಿಕೆ. ಕರುಣೆಯ ಮೇಲಿನ ಭಾಷಣಕ್ಕಿಂತ ಇದು ವಾಸಿ.

ಕಹಿಬೇವು

ಮೇಡಂ, ಆ ಪಾದ್ರಿಗಳ ಕಥೆ ಚೆನ್ನಾಗಿದೆ. ನಮ್ಮ ಆಫೀಸಿನಲ್ಲೂ ಹೇಳುತ್ತೇನೆ. ಅಡ್ಡ ಬರೋದೇನು ಅಂತ ಕೇಳುವುದಾದರೆ ನನ್ನ ತಕರಾರು ಸ್ವಲ್ಪ ಕಡಿಮೆ. "ಎಲ್ಲವೂ ನಡೆಯುತ್ತೆ" ಅನ್ನುವ ಮಾತಿಗೆ ಮಾತ್ರ ಯಾರೂ ಉತ್ತರ ಕೊಟ್ಟಿಲ್ಲ.

ಅರಿವು_ಕೇಂದ್ರದ_ಅಕ್ಕ

ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು. ದೊಡ್ಡವರ ಜೊತೆ ಮಾಡೋದರ ಬಗ್ಗೆ ಕೇಳಿದ್ದೀರಲ್ಲ ಮೇಷ್ಟ್ರೇ, ಅದಕ್ಕೆ ಬರೆಯುತ್ತಿದ್ದೇನೆ. 2020ರಲ್ಲಿ ಮಕ್ಕಳನ್ನು ಗ್ರಂಥಾಲಯಕ್ಕೆ ಕರೆತರುವ "ಓದುವ ಬೆಳಕು" ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳು ಬರೋದು ಹೆಚ್ಚಾಯಿತು, ಮಕ್ಕಳ ಹಿಂದೆ ಒಬ್ಬೊಬ್ಬರೇ ದೊಡ್ಡವರೂ ಬಂದರು.

ಮೊದಲ ಮಾತು, ದೊಡ್ಡವರಿಗೆ "ನೀತಿ" ಅಂತ ಬೋರ್ಡು ಹಾಕಬೇಡಿ. ಬರೋದೇ ಇಲ್ಲ. ಬಂದರೂ ಇಬ್ಬರು ಮೂವರು ಹಿರಿಯರು ಬಂದು ಈಗಿನ ಹುಡುಗರ ಬಗ್ಗೆ ಬೈದು ಹೋಗುತ್ತಾರೆ. ನಾವು ನೀರಿನ ವಿಷಯ ಅಂತ ಕರೆದೆವು. ಜಾಗ ಸಾಲಲಿಲ್ಲ.

ವಿಷಯ ಇದು. ನಲ್ಲಿಗೆ ಮೋಟಾರ್ ಹಚ್ಚಿ ನೀರು ಎಳೆಯೋದು. ಜಲ ಜೀವನ್ ಮಿಷನ್‌ನಲ್ಲಿ ಮನೆಮನೆಗೂ ನಲ್ಲಿ ಬಂತು, ತಲೆಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ. ಆದರೆ ಪೈಪಿನ ಶುರುವಿನಲ್ಲಿ ನಾಲ್ಕು ಮನೆಯವರು ಮೋಟಾರ್ ಹಾಕಿದರೆ ಕೊನೆಯ ಓಣಿಗೆ ಗಾಳಿ ಮಾತ್ರ ಬರುತ್ತದೆ. ಎಲ್ಲರಿಗೂ ಗೊತ್ತು, ಯಾರೂ ಹೇಳೋದಿಲ್ಲ. ಮೋಟಾರ್ ಹಾಕಿದವರು ಯಾರು ಅಂತ ಕೇಳಿದ್ದರೆ ಅವತ್ತೇ ಹೊಡೆದಾಟ ಆಗುತ್ತಿತ್ತು. ಅದಕ್ಕೆ ನಾನು ಒಂದು ಊರಿನ ಚಿತ್ರ ಬರೆದು, ಅದರಲ್ಲಿ ಹತ್ತು ಮನೆ, ಒಂದು ಟ್ಯಾಂಕು ಇಟ್ಟು, ಮೊದಲು ಮೋಟಾರ್ ಹಾಕಿದವನು ಟ್ಯಾಂಕಿನ ಪಕ್ಕದವನಲ್ಲ, ಕೊನೆಯ ಮನೆಯವನು ಅಂತ ಕಥೆ ಮಾಡಿದೆ. ಅವನಿಗೆ ನೀರು ಬರುತ್ತಿರಲಿಲ್ಲ, ಅವನ ಹೆಂಡತಿ ಬಾಣಂತಿ. ಅವನು ಹಾಕಿದ. ಅವನನ್ನು ನೋಡಿ ಇನ್ನೊಬ್ಬ ಹಾಕಿದ. ಈಗ ತಪ್ಪು ಯಾರದು?

ಆಮೇಲೆ ನೋಡಿ ಮಾತು ಹೊರಟದ್ದು. ಬಾಣಂತಿ ಮನೆ ಅಂದ ಮೇಲೆ ಅವನದು ತಪ್ಪಲ್ಲ ಅಂತ ಹೆಂಗಸರೆಲ್ಲ ಒಂದಾದರು. "ಹಾಗಾದರೆ ಎರಡನೆಯವನ ಮನೆಯಲ್ಲಿ ಮುದುಕಿ ಇದ್ದರೆ?" ಅಂತ ಒಬ್ಬ ಹುಡುಗ ಕೇಳಿದ. "ಎಲ್ಲರೂ ತೆಗೆದರೆ ನಾನೂ ತೆಗೀತೀನಿ" ಅಂತ ಒಬ್ಬರು ಬಾಯಿ ತಪ್ಪಿ ಹೇಳಿಬಿಟ್ಟರು, ಎಲ್ಲರೂ ನಕ್ಕರು, ಅವರೂ ನಕ್ಕರು. ಆದರೆ ಅದೇ ಮುಖ್ಯ ಮಾತಾಯಿತು. ಒಬ್ಬನೇ ಒಳ್ಳೆಯವನಾದರೆ ಅವನಿಗೆ ನೀರಿಲ್ಲ ಅಷ್ಟೇ. ನೀರಗಂಟಿಯೂ ಅಲ್ಲೇ ಇದ್ದ. ವಾಲ್ವ್ ತಿರುಗಿಸಿ ಕೊನೆಯ ಓಣಿಗೆ ಮೊದಲು ಬಿಟ್ಟು ನೋಡ್ತೀನಿ ಅಂದ. ಈಗ ವಾರದಲ್ಲಿ ಕೆಲವು ದಿನ ಹಾಗೆ ಬಿಡುತ್ತಾನೆ. ಮೋಟಾರ್ ಎಲ್ಲ ಹೋಯಿತು ಅಂತ ಸುಳ್ಳು ಹೇಳಲ್ಲ, ಬೇಸಿಗೆ ಬಂದರೆ ಮತ್ತೆ ಗುರ್ ಅಂತ ಸದ್ದು ಕೇಳುತ್ತದೆ. ಆದರೆ ಅದನ್ನು ಪಂಚಾಯಿತಿ ಕಟ್ಟೆಯ ಮೇಲೆ ಎತ್ತಿ ಮಾತಾಡಲು ಈಗ ಯಾರೂ ಹೆದರುವುದಿಲ್ಲ.

ಮಕ್ಕಳ ಗ್ರಾಮಸಭೆಯಲ್ಲೂ ಇದನ್ನು ಎತ್ತಬಹುದು. ಅಲ್ಲಿ ಸಾಮಾನ್ಯವಾಗಿ ಶೌಚಾಲಯ ಬೇಕು, ಕಾಂಪೌಂಡ್ ಬೇಕು ಅಂತ ಪಟ್ಟಿ ಓದಿ ಮುಗಿಸುತ್ತಾರೆ. ಬೇಕುಗಳ ಜೊತೆ ಒಂದು ಇಕ್ಕಟ್ಟಿನ ಪ್ರಶ್ನೆಯನ್ನೂ ಮಕ್ಕಳಿಂದಲೇ ಕೇಳಿಸಿ. ಪಿಡಿಒ ಮುಖ ನೋಡಬೇಕು ಆಗ.

ಚಿಕಾಗೋ_ಕನ್ನಡತಿ

ತುಂಬಾ ಚೆನ್ನಾಗಿದೆ ಅಕ್ಕ, ನೀರಿನ ಕಥೆಯನ್ನು ಮಗಳಿಗೆ ಓದಿ ಹೇಳಿದೆ.

ಇಲ್ಲಿ ಹೈಸ್ಕೂಲುಗಳಲ್ಲಿ ಎಥಿಕ್ಸ್ ಬೌಲ್ ಅಂತ ಒಂದು ಸ್ಪರ್ಧೆ ನಡೆಯುತ್ತದೆ, ಮಗಳು ಅದರಲ್ಲಿದ್ದಾಳೆ. ಇದನ್ನು ಶುರು ಮಾಡಿದ್ದು ನಮ್ಮ ಚಿಕಾಗೋದ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ರಾಬರ್ಟ್ ಲಾಡೆನ್ಸನ್ ಅನ್ನುವ ತತ್ವಶಾಸ್ತ್ರದ ಪ್ರೊಫೆಸರ್, 1993ರಲ್ಲಿ, ಕಾಲೇಜು ಹುಡುಗರಿಗೆ. ಆಮೇಲೆ ಹೈಸ್ಕೂಲಿಗೂ ಬಂತು. ನಾನು ಊರಲ್ಲಿ ಓದುವಾಗ ಚರ್ಚಾ ಸ್ಪರ್ಧೆ ಅಂದರೆ ಪರ ಅಥವಾ ವಿರೋಧ ಅಂತ ಚೀಟಿ ಎತ್ತುವುದು, "ಮಾನ್ಯ ಅಧ್ಯಕ್ಷರೇ" ಅಂತ ಶುರು ಮಾಡಿ ಮೇಜು ಕುಟ್ಟುವುದು. ನಾಲ್ಕು ನಿಮಿಷ ಕಿರುಚಿದವರಿಗೆ ಸ್ಟೀಲ್ ಲೋಟ ಬಹುಮಾನ.

ಇದರಲ್ಲಿ ಹಾಗಿಲ್ಲ. ಪ್ರಕರಣಗಳನ್ನು ಮೊದಲೇ ಕೊಟ್ಟಿರುತ್ತಾರೆ. ಎದುರಿನ ತಂಡ ಹೇಳಿದ್ದಕ್ಕೆ ವಿರುದ್ಧವಾಗಿಯೇ ಮಾತಾಡಬೇಕು ಅಂತ ಇಲ್ಲ, ಎರಡು ತಂಡವೂ ಒಂದೇ ತೀರ್ಮಾನಕ್ಕೆ ಬರಬಹುದು. ಒಂದು ತಂಡ ಮಾತಾಡಿದ ಮೇಲೆ ಇನ್ನೊಂದು ತಂಡ ಅದರ ಮೇಲೆ ಟಿಪ್ಪಣಿ ಮಾಡುತ್ತದೆ, ಆಮೇಲೆ ತೀರ್ಪುಗಾರರು ಪ್ರಶ್ನೆ ಕೇಳುತ್ತಾರೆ. ಎಷ್ಟು ಆಳವಾಗಿ ಯೋಚಿಸಿದರು, ತಮಗೆ ಒಪ್ಪದವರ ಕಡೆಯನ್ನು ಎಷ್ಟು ಗಂಭೀರವಾಗಿ ತಗೊಂಡರು ಅನ್ನೋದಕ್ಕೂ ಅಂಕ ಇದೆ. "ನೀವು ಹೇಳಿದ ಮೇಲೆ ನಮ್ಮ ವಾದದಲ್ಲಿ ಈ ತೂತು ಕಾಣಿಸಿತು" ಅಂದರೆ ಅಂಕ ಹೋಗೋದಿಲ್ಲ, ಸಿಗಲೂಬಹುದು.

ಹೋಬಳಿ ಮಟ್ಟದ ಪ್ರತಿಭಾ ಕಾರಂಜಿಯಲ್ಲಿ ಇಂಥದ್ದು ಒಂದಿದ್ದರೆ ಅಂತ ಆಸೆ ಆಗುತ್ತದೆ. ನಿಮ್ಮ ಶಾಲೆಯಲ್ಲೇ ಎರಡು ತಂಡ ಮಾಡಿ ಶುರು ಮಾಡಬಹುದಲ್ಲ ಮೇಷ್ಟ್ರೇ. ಸ್ಟೀಲ್ ಲೋಟ ನಾನು ಕೊಡಿಸುತ್ತೇನೆ :)

ಆಪ್ತ_ಸಮಾಲೋಚಕಿ

ಎಲ್ಲರೂ ಉತ್ಸಾಹದಲ್ಲಿದ್ದೀರಿ, ನಾನು ಸ್ವಲ್ಪ ತಣ್ಣೀರು ಎರಚಬೇಕಾಗಿದೆ. ಮಕ್ಕಳ ಜೊತೆ ಕೆಲಸ ಮಾಡುವವಳು ನಾನು.

ನಿಜವಾದ ಮಾತು ಹೊರಡಬೇಕು ಅಂತೀರಿ. ಹೊರಡುತ್ತದೆ. ಹೊರಟ ಮೇಲೆ ಏನು ಮಾಡುತ್ತೀರಿ? "ನಿಮಗೆ ಎದುರಾದ ಇಕ್ಕಟ್ಟನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಹಾಕಿ" ಅಂತ ಡಬ್ಬಿ ಇಡುವ ಶಾಲೆಗಳಿವೆ. ಒಳ್ಳೆಯ ಉಪಾಯವೇ. ಆದರೆ ಒಂದು ಚೀಟಿಯಲ್ಲಿ "ಗೆಳತಿಗೆ ಮದುವೆ ಗೊತ್ತು ಮಾಡಿದ್ದಾರೆ, ಅವಳಿಗೆ ಹದಿನೈದು, ಯಾರಿಗೂ ಹೇಳಬೇಡ ಅಂದಿದ್ದಾಳೆ, ನಾನು ಮಾತು ಉಳಿಸಿಕೊಳ್ಳಬೇಕಾ" ಅಂತ ಬರುತ್ತದೆ. ಇದು ಚರ್ಚೆಗೆ ಎಷ್ಟು ಒಳ್ಳೆಯ ಪ್ರಶ್ನೆ ನೋಡಿ, ಹಳೇ ಬೋರ್ಡು ಅವರು ಹೇಳಿದ ಹಾಗೆ ಎರಡೂ ಕಡೆ ಒಳ್ಳೆಯದೇ ಇದೆ. ಆದರೆ ಅದು ಕಥೆಯಲ್ಲ. ಎಲ್ಲೋ ಒಬ್ಬ ಹುಡುಗಿ ಇದ್ದಾಳೆ. ಅವತ್ತು ಮಾಡಬೇಕಾದದ್ದು ಚರ್ಚೆ ಅಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನು. ಲೈಂಗಿಕ ದೌರ್ಜನ್ಯದ ಸುಳಿವು ಬಂದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಅದಕ್ಕೇ "ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ" ಅಂತ ಮಕ್ಕಳಿಗೆ ಮಾತು ಕೊಡಬೇಡಿ. "ಯಾರಿಗಾದರೂ ಅಪಾಯ ಇದೆ ಅಂತ ಗೊತ್ತಾದರೆ ನಾನು ಸಂಬಂಧಪಟ್ಟವರಿಗೆ ಹೇಳುತ್ತೇನೆ" ಅಂತ ಮೊದಲ ದಿನವೇ ಹೇಳಿಬಿಡಿ. ಇದರಿಂದ ಮಕ್ಕಳು ಬಾಯಿ ಮುಚ್ಚುತ್ತಾರೆ ಅಂತ ಹೆದರುವವರಿದ್ದಾರೆ. ನನ್ನ ಅನುಭವದಲ್ಲಿ, ಹೇಳಬೇಕು ಅನ್ನುವ ಮಗು ಇದನ್ನು ಕೇಳಿದ ಮೇಲೆಯೇ ಹೇಳುತ್ತದೆ.

ಎರಡನೆಯದು ಜಾತಿ. ಕಹಿಬೇವು ಅವರ ಉಳಿದ ಪ್ರಶ್ನೆಗೂ ಇದರಲ್ಲಿ ಉತ್ತರ ಇದೆ. ಎಲ್ಲ ಪ್ರಶ್ನೆಯೂ ತೆರೆದ ಪ್ರಶ್ನೆ ಅಲ್ಲ. ಅಸ್ಪೃಶ್ಯತೆ ಸರಿಯೋ ತಪ್ಪೋ ಅಂತ ತರಗತಿಯಲ್ಲಿ ಪರ ವಿರೋಧ ಮಾಡಿಸಬಾರದು. ಸಂವಿಧಾನದ 17ನೇ ವಿಧಿ ಅದನ್ನು ಮುಗಿಸಿದೆ. ಆದರೆ "ನಮ್ಮಜ್ಜಿ ನನ್ನ ಗೆಳೆಯನಿಗೆ ಬೇರೆ ಲೋಟದಲ್ಲಿ ಚಹಾ ಕೊಟ್ಟರು, ನಾನೇನು ಮಾಡಬೇಕಿತ್ತು" ಅನ್ನೋದು ತೆರೆದ ಪ್ರಶ್ನೆ. ತಪ್ಪು ಅಂತ ಗೊತ್ತಿದೆ, ಅಜ್ಜಿಯ ಮೇಲೆ ಪ್ರೀತಿಯೂ ಇದೆ, ಗೆಳೆಯ ಎದುರಿಗೇ ಕೂತಿದ್ದಾನೆ, ಈಗ ಕೈ ಕಾಲು ಬಾಯಿ ಏನು ಮಾಡಬೇಕು? ಏನು ತಪ್ಪು ಅನ್ನೋದು ಚರ್ಚೆಗಿಲ್ಲ, ಎದುರಿಸುವುದು ಹೇಗೆ ಅನ್ನೋದು ಚರ್ಚೆಗಿದೆ.

ಇಲ್ಲೂ ಒಂದು ಎಚ್ಚರ. ತರಗತಿಯಲ್ಲಿ ಆ ಬೇರೆ ಲೋಟದಲ್ಲಿ ಕುಡಿದ ಮಗುವೂ ಕೂತಿರುತ್ತದೆ. ಉಳಿದವರು ದೊಡ್ಡ ಮನಸ್ಸು ಮಾಡಿ "ಪಾಪ" ಅನ್ನುವುದನ್ನು ಅದು ಕೇಳಿಸಿಕೊಳ್ಳಬೇಕು. ಬೇರೆಯವರಿಗೆ ಪಾಠವಾಗಲಿ ಅಂತ ಅದರ ಬದುಕನ್ನು ಮೇಜಿನ ಮೇಲೆ ಇಡುವ ಹಕ್ಕು ನಮಗಿಲ್ಲ. "ನೀನು ಹೇಳಮ್ಮ, ನಿನಗೆ ಹೇಗನ್ನಿಸಿತು" ಅಂತ ಆ ಮಗುವಿನ ಕಡೆ ತಿರುಗುವುದಂತೂ ಬೇಡವೇ ಬೇಡ. ಇದನ್ನು ಒಳ್ಳೆಯ ಮನಸ್ಸಿನವರೇ ಜಾಸ್ತಿ ಮಾಡುತ್ತಾರೆ.

ಶನಿವಾರದ_ಮೇಷ್ಟ್ರು

ಇಷ್ಟು ಜನ ಇಷ್ಟು ವಿವರವಾಗಿ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಸಮಾಲೋಚಕಿ ಮೇಡಂ ಹೇಳಿದ್ದು ಓದಿ ಚೀಟಿ ಡಬ್ಬಿಯ ಯೋಚನೆ ಸದ್ಯಕ್ಕೆ ಬಿಟ್ಟೆ. ಮೊದಲು ಮೊಟ್ಟೆ, ಆಮೇಲೆ ನಕಲು, ಆಮೇಲೆ ಅಪಘಾತ, ಹೀಗೆ ಹೋಗುತ್ತೇನೆ.

ನಿಮ್ಮಲ್ಲಿ ಒಂದು ಅನುಮಾನ ಕೇಳಬೇಕು. ಮೊಟ್ಟೆಯ ಕಥೆಗೂ ಜಾತಿ ಬಂದೇ ಬರುತ್ತದೆ ಅಲ್ವಾ? ಮನೆಯಲ್ಲಿ ಮೊಟ್ಟೆ ಮುಟ್ಟದವರು ಅಂದ ಕೂಡಲೇ ಯಾರ ಮನೆ ಅಂತ ನಮ್ಮ ಮಕ್ಕಳು ಲೆಕ್ಕ ಹಾಕಿಬಿಡುತ್ತಾರೆ. ಪೋಷಕರು ಗಲಾಟೆ ಮಾಡಿದರೆ ಹೆಡ್‌ಮಾಸ್ಟರ್ ನನ್ನ ಬೆನ್ನಿಗೆ ನಿಲ್ಲುತ್ತಾರೆ ಅನ್ನುವ ಧೈರ್ಯ ಇಲ್ಲ.

ಹಳೇ_ಬೋರ್ಡು

ಬರುತ್ತದೆ. ನಮ್ಮಲ್ಲೂ ಬಂತು. ಅದಕ್ಕೇ ಆ ಕಥೆಯನ್ನು ಜೂನ್‌ನಲ್ಲೇ ತಗೊಳ್ಳಬೇಡಿ, ಮಕ್ಕಳಿಗೆ ಒಬ್ಬರ ಮಾತು ಒಬ್ಬರು ಕೇಳುವುದು ಅಭ್ಯಾಸ ಆಗಲಿ. ನೀವು ಹೇಳಿದ ಕ್ರಮ ತಿರುಗಿಸಿ, ಅಪಘಾತದ್ದು ಮೊದಲು ಇರಲಿ. ಅದರಲ್ಲಿ ಯಾರ ಮನೆಯೂ ಇಲ್ಲ. ಅಥವಾ ಬಸ್ಸಿನ ಸೀಟು. ಶಕ್ತಿ ಯೋಜನೆಯಲ್ಲಿ ಫ್ರೀ ಟಿಕೆಟ್ ತಗೊಂಡ ಕಾಲೇಜು ಹುಡುಗಿ ಕೂತಿದ್ದಾಳೆ, ದುಡ್ಡು ಕೊಟ್ಟ ಅರವತ್ತರ ಗಂಡಸು ನಿಂತಿದ್ದಾನೆ, "ಫ್ರೀ ಬಂದೋರು ಎದ್ದೇಳ್ರಿ" ಅಂತಾನೆ. ಅವಳು ಏಳಬೇಕಾ? ವಯಸ್ಸಾಗಿದೆ ಅಂತ ಏಳೋದಕ್ಕೂ ಫ್ರೀ ಟಿಕೆಟ್ ಅಂತ ಏಳೋದಕ್ಕೂ ವ್ಯತ್ಯಾಸ ಇದೆಯಾ? ಹುಡುಗರು ಹುಡುಗಿಯರು ಎರಡು ಪಾಲಾಗುತ್ತಾರೆ, ಭಾರೀ ಗದ್ದಲ ಆಗುತ್ತದೆ, ಆದರೆ ಯಾರಿಗೂ ಗಾಯ ಆಗೋದಿಲ್ಲ.

ಹೆಡ್‌ಮಾಸ್ಟರ್ ವಿಷಯ: ಅವರನ್ನೇ ಒಂದು ಪಿರಿಯಡ್‌ಗೆ ಕರೆದು ಹಿಂದಿನ ಬೆಂಚಿನಲ್ಲಿ ಕೂರಿಸಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೂ ಮೊದಲೇ ಹೇಳಿಬಿಡಿ. ಬಾಯಲ್ಲಿ ವಿವರಿಸಬೇಡಿ, ಬಸ್ಸಿನ ಸೀಟಿನ ಪ್ರಶ್ನೆಯನ್ನು ಅವರಿಗೇ ಕೇಳಿ. ನಮ್ಮಲ್ಲಿ ಹಾಗೆ ಕೇಳಿದ ದಿನ ಸಭೆಯ ಉಳಿದ ವಿಷಯಗಳೆಲ್ಲ ಮುಂದಿನ ತಿಂಗಳಿಗೆ ಹೋದವು, ಅಧ್ಯಕ್ಷರೂ ಅವರ ಹೆಂಡತಿಯೂ ಗೇಟಿನ ತನಕ ವಾದ ಮಾಡುತ್ತಲೇ ಹೋದರು.